ಮೊದಲು ಅಳತೆ, ಆಮೇಲೆ ಚಿತ್ರ: ನಮ್ಮ ಸ್ಟುಡಿಯೋದ ಈಚಿನ ಕೆಲಸಗಳು

ನಮ್ಮದು ಮೂವರ ಡಿಸೈನ್ ಸ್ಟುಡಿಯೋ. ಒಬ್ಬರು ಅಕ್ಷರ ಮತ್ತು ಲೇಔಟ್ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಲೋಗೊ, ಸೈನ್‌ಬೋರ್ಡ್ ತರಹದ ಕೆಲಸ, ನಾನು ಚಿತ್ರ ಬರೆಯುತ್ತೇನೆ. ಗಡುವು ಹತ್ತಿರ ಬಂದಾಗ ಮಾತ್ರ ಈ ಹಂಚಿಕೆ ಮರೆತುಹೋಗಿ ಎಲ್ಲರೂ ಎಲ್ಲ ಮಾಡುತ್ತೇವೆ. ಈಚೆಗೆ ಕೈಯಲ್ಲಿದ್ದದ್ದು ಮಕ್ಕಳ ಒಂದು ಚಿತ್ರಪುಸ್ತಕ, ರಿಸೊಗ್ರಾಫ್ ಅನ್ನುವ ಅಚ್ಚಿನ ಯಂತ್ರದಲ್ಲಿ ಮಾಡಿದ ಒಂದಷ್ಟು ಪೋಸ್ಟರ್‌ಗಳು, ಮತ್ತೆ ಒಂದು ಆಸ್ಪತ್ರೆಗೆ ದಾರಿ ತೋರಿಸುವ ಚಿಹ್ನೆಗಳು. ಒಂದಕ್ಕೊಂದು ಸಂಬಂಧವೇ ಇಲ್ಲದ ಕೆಲಸಗಳು. ಆದರೂ ಎಲ್ಲದರಲ್ಲೂ ನಾವು ಮೊದಲು ಕೇಳಿದ್ದು ಒಂದೇ: ಇದು ಕೊನೆಗೆ ಎಲ್ಲಿರುತ್ತದೆ, ಎಷ್ಟು ದೊಡ್ಡದು, ಯಾರು ಎಷ್ಟು ದೂರದಿಂದ ನೋಡುತ್ತಾರೆ? ಅದು ಗೊತ್ತಾಗುವ ತನಕ ಫೈಲ್ ತೆರೆಯುವುದಿಲ್ಲ.

ಸ್ಕ್ರೀನ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅದೇ ತೊಂದರೆ. ಬೆಳಕು ಹಿಂದಿನಿಂದ ಬರುವುದರಿಂದ ಬಣ್ಣ ಹೊಳೆಯುತ್ತದೆ. ಜೂಮ್ ಮಾಡಿದರೆ ಕಣ್ಣಿನ ರೆಪ್ಪೆಯ ಗೆರೆ ಕೂಡ ಸಿಗುತ್ತದೆ, ಅಲ್ಲೇ ಒಂದು ಗಂಟೆ ಕೂತುಬಿಡುತ್ತೇವೆ. ಆ ಮುಖ ಪುಸ್ತಕದಲ್ಲಿ ಹೆಬ್ಬೆರಳಿನ ಉಗುರಿನಷ್ಟೇ ಇರುತ್ತದೆ ಅನ್ನುವುದು ಆ ಹೊತ್ತಿಗೆ ನೆನಪಿರುವುದಿಲ್ಲ. ಅದಕ್ಕೇ ನಮ್ಮಲ್ಲಿ ಏನೇ ಮಾಡಿದರೂ ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇವೆ. ಕಪ್ಪುಬಿಳುಪು ಪ್ರಿಂಟ್ ಆದರೂ ಸಾಕು. ಬೆಳಿಗ್ಗೆ ಬಂದವರು ಅದರ ಮುಂದೆ ನಿಂತು ಮಾತಾಡುತ್ತಾರೆ. ಚಿತ್ರ ಬರೆದವರು ಮಾತ್ರ ಮೊದಲು ಬಾಯಿ ಬಿಡಬಾರದು. ಅವರು ವಿವರಿಸಿಬಿಟ್ಟರೆ ಉಳಿದವರಿಗೆ ತಮ್ಮ ಕಣ್ಣಿಂದ ನೋಡುವ ಅವಕಾಶವೇ ತಪ್ಪಿಹೋಗುತ್ತದೆ, ಅಲ್ವಾ?

ಚಿತ್ರಪುಸ್ತಕದ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಹೊಸಬರು ಹೆಚ್ಚು ಕೇಳುವುದು ಇದನ್ನೇ. ಹೆಚ್ಚಿನ ಚಿತ್ರಪುಸ್ತಕಗಳು 32 ಪುಟ ಯಾಕಿರುತ್ತವೆ ಅಂದರೆ ಅದು ಅಚ್ಚಿನ ಲೆಕ್ಕ. ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ ಮಡಚಿದರೆ 16 ಪುಟದ ಒಂದು ಫಾರಂ, ಎರಡು ಫಾರಂ ಸೇರಿದರೆ 32. ಅದರಲ್ಲಿ ಹೆಸರಿನ ಪುಟ, ಪ್ರಕಾಶಕರ ವಿವರದ ಪುಟ ಕಳೆದರೆ ಕತೆಗೆ ಉಳಿಯುವುದು ಸುಮಾರು 12ರಿಂದ 14 ಜೋಡಿ ಪುಟ ಮಾತ್ರ. ಕತೆ ಕೈಗೆ ಬಂದ ಕೂಡಲೇ ನಾನು ಮಾಡುವ ಮೊದಲ ಕೆಲಸ ಬಿಳಿ ಹಾಳೆ ಮಡಚಿ, ಪಿನ್ ಹೊಡೆದು, ಅದೇ ಪುಟಸಂಖ್ಯೆಯ ಒಂದು ಡಮ್ಮಿ ಮಾಡಿಕೊಳ್ಳುವುದು. ಕತೆಯ ಸಾಲುಗಳನ್ನು ಕತ್ತರಿಸಿ ಪುಟಗಳಿಗೆ ಅಂಟಿಸುತ್ತೇನೆ. ಚಿತ್ರ ಅಂದರೆ ಬರೀ ಕಡ್ಡಿ ಗೊಂಬೆಗಳು. ಆಮೇಲೆ ಅದನ್ನು ಜೋರಾಗಿ ಓದುತ್ತಾ ಪುಟ ತಿರುಗಿಸುತ್ತೇನೆ.

ಈ ಪುಟ ತಿರುಗಿಸುವುದರಲ್ಲೇ ಇಡೀ ಪುಸ್ತಕ ನಿಂತಿದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಾಗಿಲು ತಟ್ಟಿದ ಸದ್ದು ಬಲಗಡೆ ಪುಟದಲ್ಲಿ ಬಂದರೆ ಮಗು ತಾನೇ ಕೈ ಹಾಕಿ ಪುಟ ತಿರುಗಿಸುತ್ತದೆ. ಅದೇ ಸದ್ದು ಎಡಗಡೆ ಇದ್ದು, ಬಾಗಿಲಲ್ಲಿ ಯಾರಿದ್ದಾರೆ ಅನ್ನುವುದು ಪಕ್ಕದ ಪುಟದಲ್ಲೇ ಕಂಡುಬಿಟ್ಟರೆ ಕುತೂಹಲಕ್ಕೆ ಜಾಗವೇ ಇಲ್ಲ. ನಮ್ಮ ಪುಸ್ತಕದ ಕತೆಯಲ್ಲಿ ಒಂದು ಹುಡುಗಿ ರಾತ್ರಿ ಟಾರ್ಚ್ ಹಿಡಿದು ಅಟ್ಟ ಹತ್ತುತ್ತಾಳೆ. ಅಲ್ಲಿ ಅವಳಿಗೆ ಕಂಡದ್ದೇನು ಅನ್ನುವುದು ಪುಟ ತಿರುಗಿಸಿದ ಮೇಲೇ ಗೊತ್ತಾಗಬೇಕು ಅಂತ ಲೇಖಕಿಯವರ ಜೊತೆ ಕೂತು ಹಿಂದಿನ ಎರಡು ಸಾಲನ್ನೇ ತೆಗೆದೆವು. ಟಾರ್ಚ್ ಹಿಡಿದ ಕೈ ಚಿತ್ರದಲ್ಲೇ ಇದ್ದ ಮೇಲೆ ಆ ಮಾತನ್ನು ಮತ್ತೆ ಬರೆಯಬೇಕಿಲ್ಲ ಅಂತ ಅವರೇ ಹೇಳಿದರು. ಇಂಥ ಲೇಖಕರು ಸಿಕ್ಕರೆ ಕೆಲಸ ಖುಷಿ ಕೊಡುತ್ತದೆ.

ಇನ್ನು ಎರಡು ಪುಟ ಸೇರುವ ನಡುಗೆರೆ. ಹೊಲಿಗೆ ಅಥವಾ ಅಂಟಿನ ಬೈಂಡಿಂಗ್‌ನಲ್ಲಿ ಅಲ್ಲಿನ ಕೆಲವು ಮಿಲಿಮೀಟರ್ ಒಳಗೆ ಹೋಗಿಬಿಡುತ್ತದೆ. ಮುಖ, ಕೈಬೆರಳು, ಅಕ್ಷರ ಯಾವುದನ್ನೂ ಅಲ್ಲಿ ಇಡಬಾರದು. ಅಂಚಿನಲ್ಲಿ ಕತ್ತರಿಸುವುದಕ್ಕೆ ಅಂತ 3 ಮಿಲಿಮೀಟರ್ ಹೆಚ್ಚು ಚಿತ್ರ ಬಿಡುವುದು ಎಲ್ಲರಿಗೂ ಗೊತ್ತು. ನಾನು ಇನ್ನೂ ಸ್ವಲ್ಪ ಜಾಸ್ತಿಯೇ ಬಿಡುತ್ತೇನೆ, ಲೇಔಟ್ ಮಾಡುವವರಿಗೆ ಚಿತ್ರ ಅತ್ತಿತ್ತ ಸರಿಸಲು ಅನುಕೂಲ.

ಬಣ್ಣಕ್ಕೆ ಬಂದರೆ, ಈ ಪುಸ್ತಕದಲ್ಲಿ ಅರ್ಧದಷ್ಟು ರಾತ್ರಿ. ಪ್ರಕಾಶಕರು ಆರಿಸಿದ್ದು ಹೊಳಪಿಲ್ಲದ, ಲೇಪನವಿಲ್ಲದ ಕಾಗದ. ಕೈಗೆ ತುಂಬ ಹಿತವಾಗಿರುತ್ತದೆ, ಆದರೆ ಇಂಕು ಹೀರುತ್ತದೆ. ಅಚ್ಚಿನ ಚುಕ್ಕೆಗಳು ಹಿಗ್ಗಿ ಕತ್ತಲು ಇನ್ನೂ ಕತ್ತಲಾಗುತ್ತದೆ. ಜೊತೆಗೆ ಸ್ಕ್ರೀನ್ ತೋರಿಸುವುದು ಕೆಂಪು, ಹಸಿರು, ನೀಲಿ ಬೆಳಕು. ಪ್ರೆಸ್ ಹಾಕುವುದು ಸಯಾನ್ (ತಿಳಿನೀಲಿ), ಮೆಜೆಂಟಾ (ಕಡುಗುಲಾಬಿ), ಹಳದಿ, ಕಪ್ಪು ಇಂಕು. ಕಣ್ಣು ಕುಕ್ಕುವ ಹಸಿರು, ಕಿತ್ತಳೆ, ಗಾಢ ನೀಲಿ ಈ ನಾಲ್ಕು ಇಂಕಿನಲ್ಲಿ ಸಿಗುವುದೇ ಇಲ್ಲ. ನೀಲಿಯದ್ದು ಮತ್ತೂ ಒಂದು ಹಟ: ಸಯಾನ್ ಮತ್ತು ಮೆಜೆಂಟಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದರೆ ಅಚ್ಚಿನಲ್ಲಿ ನೇರಳೆಗೆ ತಿರುಗುತ್ತದೆ. ಹಾಗಾಗಿ ರಾತ್ರಿಯ ಆಕಾಶಕ್ಕೆ ಮೆಜೆಂಟಾವನ್ನು ಸಯಾನ್‌ಗಿಂತ ಸಾಕಷ್ಟು ಕಡಿಮೆ ಇಟ್ಟುಕೊಂಡೆ. ಪ್ರೆಸ್‌ನವರ ಬಳಿ ಆ ಕಾಗದದ ಕಲರ್ ಪ್ರೊಫೈಲ್, ಅಂದರೆ ಅಚ್ಚಿನಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಸ್ಕ್ರೀನ್‌ನಲ್ಲೇ ತೋರಿಸುವ ಫೈಲ್, ಕೇಳಿ ಪಡೆದು, ಅದನ್ನು ಆನ್ ಮಾಡಿಕೊಂಡೇ ಚಿತ್ರ ಬರೆದೆ. ಮುಗಿದ ಮೇಲೆ ಪ್ರೊಫೈಲ್ ಹಾಕಿದರೆ ಬೇಸರವೇ ಜಾಸ್ತಿ. ಶುರುವಿನಿಂದಲೇ ಮಂಕು ಬಣ್ಣಗಳ ಜೊತೆ ಇದ್ದರೆ ಅವುಗಳಲ್ಲೇ ಬೆಳಕು ಹುಟ್ಟಿಸುವ ದಾರಿ ಹುಡುಕುತ್ತೇವೆ. ಟಾರ್ಚಿನ ಹಳದಿ ಹೊಳೆಯುವಂತೆ ಕಂಡದ್ದು ಸುತ್ತಲಿನ ನೀಲಿಯನ್ನು ತಗ್ಗಿಸಿದ್ದರಿಂದ. ಆ ಹಳದಿಯನ್ನೇ ತೆಗೆದು ಬಿಳಿ ಹಾಳೆ ಮೇಲೆ ಇಟ್ಟು ನೋಡಿದರೆ ಸಾಧಾರಣ ಬಣ್ಣ.

ಅಕ್ಷರದ ಬಗ್ಗೆ ಒಂದೆರಡು ಮಾತು, ಕನ್ನಡದಲ್ಲಿ ಕೆಲಸ ಮಾಡುವವರಿಗೆ ಉಪಯೋಗವಾಗಬಹುದು. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಇಂಗ್ಲಿಷಿನ ಲೇಔಟಿಗೆ ಕನ್ನಡ ತುಂಬಿದರೆ ಉಸಿರು ಕಟ್ಟುತ್ತದೆ. ಲೇಔಟ್ ಮಾಡುವ ಇನ್‌ಡಿಸೈನ್ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡ ಒಡೆದು ಕಾಣುತ್ತಿದ್ದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಹೆಚ್ಚಾಗಿ ಅಷ್ಟಕ್ಕೇ ಸರಿಹೋಗುತ್ತದೆ. ಸಣ್ಣ ಅಕ್ಷರಗಳಿಗೆ ಕಪ್ಪು ಇಂಕು ಒಂದೇ ಇರಲಿ. ನಾಲ್ಕು ಇಂಕು ಸೇರಿಸಿದ ಕಪ್ಪು ಬಳಸಿದರೆ ಒಂದು ಇಂಕಿನ ಅಚ್ಚಿನ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ.

ರಿಸೊಗ್ರಾಫ್ ಪೋಸ್ಟರ್‌ಗಳದ್ದು ಬೇರೆಯೇ ಲೋಕ. ರಿಸೊ ಕಗಾಕು ಅನ್ನುವುದು 1946ರಲ್ಲಿ ಶುರುವಾದ ಜಪಾನಿನ ಕಂಪನಿ. ಅವರ ಈ ಯಂತ್ರ ಹೊರಗಿನಿಂದ ಜೆರಾಕ್ಸ್ ಯಂತ್ರದ ತರಹವೇ ಕಾಣುತ್ತದೆ. ಒಳಗೆ ಮಾತ್ರ ಸ್ಕ್ರೀನ್ ಪ್ರಿಂಟಿಂಗ್‌ನ ಸಂಬಂಧಿ. ತೆಳು ಹಾಳೆಯೊಂದರಲ್ಲಿ ಬಿಸಿಯಿಂದ ಸಣ್ಣ ಸಣ್ಣ ತೂತು ಮಾಡಿ ಮಾಸ್ಟರ್ ತಯಾರಿಸಿ ಡ್ರಮ್ಮಿಗೆ ಸುತ್ತುತ್ತದೆ, ಒಳಗಿನಿಂದ ಇಂಕು ಆ ತೂತುಗಳ ಮೂಲಕ ಕಾಗದಕ್ಕೆ ಇಳಿಯುತ್ತದೆ. ಒಂದು ಡ್ರಮ್ಮಿಗೆ ಒಂದೇ ಬಣ್ಣ. ಸಮುದ್ರದಲ್ಲಿ ಬೆಳಕು ಬೀರುವ ಜೀವಿಗಳ ಬಗ್ಗೆ ಒಂದು ವಿಜ್ಞಾನ ಪ್ರದರ್ಶನಕ್ಕೆ ನಾವು ಈ ಪೋಸ್ಟರ್‌ಗಳನ್ನು ಮಾಡಿದ್ದು. ಫ್ಲೋರೊಸೆಂಟ್ ಪಿಂಕ್, ನೀಲಿ, ಹಳದಿ, ಮೂರೇ ಇಂಕು. ನಾಲ್ಕು ಇಂಕಿನ ಸಾಮಾನ್ಯ ಅಚ್ಚಿನಲ್ಲಿ ಈ ಪಿಂಕ್ ಬರುವುದಿಲ್ಲ, ಹಾಗಾಗಿ ಈ ವಿಷಯಕ್ಕೆ ರಿಸೊಗಿಂತ ಚೆನ್ನಾದದ್ದು ನಮಗೆ ತೋಚಲಿಲ್ಲ.

ಇಲ್ಲಿ ಬಣ್ಣದಲ್ಲಿ ಚಿತ್ರ ಬರೆಯುವುದಿಲ್ಲ. ಪ್ರತಿ ಇಂಕಿಗೂ ಒಂದೊಂದು ಬೂದು ಫೈಲ್. ಕಪ್ಪಿದ್ದಲ್ಲಿ ಇಂಕು ಪೂರ್ತಿ, ತಿಳಿ ಬೂದು ಇದ್ದಲ್ಲಿ ಕಡಿಮೆ. ಹಳದಿ ಮೇಲೆ ನೀಲಿ ಬಿದ್ದರೆ ಹಸಿರು, ಪಿಂಕ್ ಮೇಲೆ ನೀಲಿ ಬಿದ್ದರೆ ನೇರಳೆ. ಬಿಳಿ ಇಂಕು ಇಲ್ಲ, ಬಿಳಿ ಬೇಕಾದಲ್ಲಿ ಕಾಗದವನ್ನೇ ಉಳಿಸಿಕೊಳ್ಳಬೇಕು. ಮೂರು ಬೂದು ಫೈಲ್‌ಗಳನ್ನು ತಲೆಯಲ್ಲೇ ಒಂದರ ಮೇಲೊಂದು ಹಾಕಿ ನೋಡುವ ಅಭ್ಯಾಸ ಬರುವ ತನಕ ಕಷ್ಟ, ಬಂದ ಮೇಲೆ ಚಟವೇ ಆಗಿಬಿಡುತ್ತದೆ. ಪ್ರತಿ ಬಣ್ಣಕ್ಕೂ ಕಾಗದ ಮತ್ತೆ ಯಂತ್ರಕ್ಕೆ ಹೋಗಬೇಕಾದ್ದರಿಂದ ಬಣ್ಣಗಳು ಒಂಚೂರು ಆಚೀಚೆ ಕೂರುತ್ತವೆ. ಹಾಗಾಗಿ ಎರಡು ಬಣ್ಣ ಅಂಚಿಗೆ ಅಂಚು ತಾಗುವಂತೆ ಬರೆಯದೆ ಒಂದರ ಮೇಲೊಂದು ಸ್ವಲ್ಪ ಹತ್ತುವಂತೆ ಬರೆದೆವು. ಮೀನಿನ ಬೆಳಕು ದೇಹದಿಂದ ಸ್ವಲ್ಪ ಸರಿದರೆ ಇನ್ನೂ ಚೆಂದ, ಅದು ನೀರಿನಲ್ಲಿ ಅಲುಗಿದಂತೆಯೇ ಕಾಣುತ್ತದೆ. ಇಂಕು ಎಣ್ಣೆಯದ್ದು, ಕಾಗದ ಹೀರಿಕೊಳ್ಳಬೇಕೇ ಹೊರತು ಪೂರ್ತಿ ಒಣಗುವುದಿಲ್ಲ. ಒಂದು ಬಣ್ಣ ಹಾಕಿ ಕಾಗದಕ್ಕೆ ಸಾಕಷ್ಟು ಬಿಡುವು ಕೊಟ್ಟೇ ಮುಂದಿನದು ಹಾಕಬೇಕು, ಇಲ್ಲದಿದ್ದರೆ ಯಂತ್ರದ ರೋಲರ್ ಗುರುತು ಗಾಢ ಬಣ್ಣದ ಮೇಲೆ ಗಾಡಿ ಚಕ್ರದ ಹಾಗೆ ಓಡಿರುತ್ತದೆ.

ಆಸ್ಪತ್ರೆಯ ಚಿಹ್ನೆಗಳಿಗೆ ನಾನು ಬರೆದದ್ದು ಕಡಿಮೆ, ಕಲಿತದ್ದು ಜಾಸ್ತಿ. ಜರ್ಮನ್ ಡಿಸೈನರ್ ಓಟ್ಲ್ ಐಶರ್ ತಂಡ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಮಾಡಿದ ಚಿಹ್ನೆಗಳನ್ನು ಮೊದಲು ಕೂತು ನೋಡಿದೆವು. ಒಂದೇ ಗ್ರಿಡ್, ನೇರ ಗೆರೆ ಮತ್ತು 45 ಡಿಗ್ರಿ ಕೋನಗಳಲ್ಲೇ ಎಲ್ಲ ಆಟಗಳನ್ನೂ ಹಿಡಿದಿದ್ದಾರೆ. ಅಮೆರಿಕದ ಸಾರಿಗೆ ಇಲಾಖೆಗೆ ಅಲ್ಲಿನ ಡಿಸೈನರ್‌ಗಳ ಸಂಘ ಎಐಜಿಎ 1974ರಲ್ಲಿ 34, 1979ರಲ್ಲಿ ಇನ್ನೂ 16 ಚಿಹ್ನೆ ಮಾಡಿಕೊಟ್ಟಿತು, ಅವನ್ನು ಯಾರು ಬೇಕಾದರೂ ಬಳಸಬಹುದು. ಲಿಫ್ಟ್, ಶೌಚಾಲಯ, ಮೆಟ್ಟಿಲು ಇಂಥವಕ್ಕೆ ಜನರ ಕಣ್ಣಿಗೆ ರೂಢಿಯಾದದ್ದನ್ನೇ ಇಡಬೇಕು. ರೋಗಿಯ ಜೊತೆ ಗಾಬರಿಯಲ್ಲಿ ಓಡಿಬಂದವರ ಮುಂದೆ ನಮ್ಮ ಹೊಸತನ ತೋರಿಸುವುದು ಸರಿಯಲ್ಲ ಅಂತ ನನಗನ್ನಿಸುತ್ತದೆ. ಹೊಸದಾಗಿ ಬರೆದದ್ದು ಡಯಾಲಿಸಿಸ್, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಇಂಥವನ್ನು. ನಿಜವಾದ ಅಳತೆಯಲ್ಲಿ ಪ್ರಿಂಟ್ ಮಾಡಿ ಕಾರಿಡಾರಿನ ಆ ತುದಿಯಲ್ಲಿ ಅಂಟಿಸಿ, ಈ ತುದಿಯಿಂದ ನಡೆದು ಬರುತ್ತಾ ಏನು ಕಂಡಿತು ಅಂತ ಅಲ್ಲಿನ ಸ್ವಚ್ಛತಾ ಸಿಬ್ಬಂದಿ, ನರ್ಸ್‌ಗಳು, ರೋಗಿಗಳ ಕಡೆಯವರನ್ನು ಕೇಳಿದೆವು. ಮೂತ್ರಪಿಂಡದ ಚಿತ್ರವನ್ನು ಹಲವರು ಬೀಜ ಅಂದರು. ಪಕ್ಕಕ್ಕೆ ಯಂತ್ರ ಮತ್ತು ಕೊಳವೆ ಸೇರಿಸಿದ ಮೇಲೆ ಗುರುತು ಹಿಡಿದರು. ವಿಭಾಗಗಳಿಗೆ ಬಣ್ಣ ಕೊಟ್ಟರೂ ಬಣ್ಣ ಒಂದನ್ನೇ ನೆಚ್ಚಲಿಲ್ಲ. ಕೆಂಪು ಹಸಿರು ಬೇರೆ ಮಾಡಿ ನೋಡಲಾಗದವರು ಕಡಿಮೆಯೇನಿಲ್ಲ, ಉತ್ತರ ಯೂರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನ. ಪ್ರತಿ ಬಣ್ಣಕ್ಕೂ ಒಂದು ಅಂಕಿ ಜೊತೆಗಿಟ್ಟೆವು.

ದಿನದ ಕೆಲಸ ಹೇಗಿರುತ್ತದೆ ಅಂತ ಕೇಳುವವರಿಗೆ: ಚಿತ್ರ ಬರೆಯುವ ಹೊತ್ತು ಅಂದುಕೊಂಡಷ್ಟು ಇರುವುದಿಲ್ಲ. ಮೇಲ್, ಫೋನ್, ಪ್ರೆಸ್‌ಗೆ ಓಡಾಟ, ಬಿಲ್ಲು, ಫೈಲ್ ಹುಡುಕಾಟ. ಅದಕ್ಕೇ ಬೆಳಿಗ್ಗೆ ಸ್ವಲ್ಪ ಹೊತ್ತು ಯಾರದೂ ಅಲ್ಲದ ಚಿತ್ರ ಸುಮ್ನೆ ಬರೆಯುತ್ತೇವೆ, ಆ ಹೊತ್ತಿನಲ್ಲಿ ಫೋನ್ ಇನ್ನೊಂದು ಕೋಣೆಯಲ್ಲಿ. ಸಮುದ್ರ ಜೀವಿಗಳ ಪೋಸ್ಟರಿನ ಗೆರೆ ಹುಟ್ಟಿದ್ದು ಹಾಗೆ ಬರೆದ ಸ್ಕೆಚ್ ಪುಸ್ತಕದಿಂದಲೇ. ಗ್ರಾಹಕರ ಜೊತೆ ಎಲ್ಲವೂ ಬರವಣಿಗೆಯಲ್ಲಿ: ಎಷ್ಟು ಸಲ ತಿದ್ದಿಕೊಡುತ್ತೇವೆ, ಯಾವ ಹಂತದ ಮೇಲೆ ತಿದ್ದುವುದಿಲ್ಲ, ಚಿತ್ರವನ್ನು ಎಲ್ಲೆಲ್ಲಿ ಎಷ್ಟು ಕಾಲ ಬಳಸಬಹುದು, ಮಧ್ಯದಲ್ಲಿ ಕೆಲಸ ನಿಂತರೆ ಎಷ್ಟು ಕೊಡಬೇಕು. ಅವರ ಕಡೆಯಿಂದ ಅಭಿಪ್ರಾಯ ಒಬ್ಬರ ಮೂಲಕವೇ ಬರಬೇಕು ಅನ್ನುವುದನ್ನೂ ಸೇರಿಸುತ್ತೇವೆ. ಒಂದು ಕೆಲಸದಲ್ಲಿ ನಾಲ್ಕು ಜನ ನಾಲ್ಕು ಬಣ್ಣ ಹೇಳಿದಾಗ ಹಿಡಿದುಕೊಂಡ ನಿಯಮ ಅದು. "ಇಷ್ಟ ಆಗಲಿಲ್ಲ" ಅಂದರೆ ನಾವು ಬೇಜಾರಾಗದೆ ಎಲ್ಲಿ, ಯಾರಿಗೆ ಓದಲು ಕಷ್ಟವಾಯಿತು ಅಂತ ಕೇಳುತ್ತೇವೆ. ಹೆಚ್ಚಿನವರಿಗೆ ಕಾರಣ ಗೊತ್ತಿರುತ್ತದೆ, ಹೇಳುವ ಪದ ಸಿಕ್ಕಿರುವುದಿಲ್ಲ ಅಷ್ಟೇ.

ಸದ್ಯಕ್ಕೆ ಗೋಡೆ ಮೇಲಿರುವುದು ಹಕ್ಕಿಗಳ ವಲಸೆ ಬಗ್ಗೆ ಒಂದು ಮಡಿಕೆ ಪುಸ್ತಕ. ಬಿಚ್ಚಿದರೆ ಉದ್ದಕ್ಕೆ ಒಂದೇ ಚಿತ್ರ, ಮಡಚಿದರೆ ಪುಟ ಪುಟವಾಗಿಯೂ ಓದಬೇಕು. ಕಾಗದದ ಎಳೆ, ಅಂದರೆ ಅದರೊಳಗಿನ ನಾರು, ಯಾವ ದಿಕ್ಕಿಗಿದೆ ಅನ್ನುವುದು ಇದರಲ್ಲಿ ಬಹಳ ಮುಖ್ಯ. ಎಳೆಗೆ ಅಡ್ಡವಾಗಿ ಮಡಚಿದರೆ ಮಡಿಕೆಯಲ್ಲಿ ಇಂಕು ಬಿರಿಯುತ್ತದೆ. ಪ್ರೆಸ್‌ನಿಂದ ಎರಡು ಬಗೆಯ ಖಾಲಿ ಕಾಗದ ತರಿಸಿ ಮಡಚಿ ನೋಡುತ್ತಿದ್ದೇವೆ. ಯಾವುದು ಅಂತ ತೀರ್ಮಾನವಾದ ಮೇಲೆ ನಾನು ಹಕ್ಕಿ ಬರೆಯಲು ಶುರು ಮಾಡುತ್ತೇನೆ.