ಅಡಿಕೆ ಸುಗ್ಗಿಯ ದಿನಸಿ ಕೂಪನ್: ಮೂರನೇ ವರ್ಷಕ್ಕೆ ಕೈಹಿಡಿಯಿತು

ತೀರ್ಥಹಳ್ಳಿ ಕಡೆ ಕೊಯ್ಲು, ಸುಲಿತಕ್ಕೆ ಬರುವ 40 ಮನೆಗಳಿಗೆ ಕೂಲಿಯ ಮೇಲೆ ವಾರಕ್ಕೆ 200 ರೂಪಾಯಿಯ ದಿನಸಿ ಕೂಪನ್ ಕೊಡುತ್ತೇವೆ ಅಂದಾಗ, ‘ಎರಡೇ ವಾರ, ಎಲ್ಲಾ ಬಾರ್ ಸೇರುತ್ತೆ’ ಅಂದವರೇ ಹೆಚ್ಚು. ಮೊದಲ ಸುಗ್ಗಿಯಲ್ಲಿ ಆದದ್ದೂ ಹಾಗೇ. 50ರ ಕೂಪನ್ 40ಕ್ಕೆ ಕೈ ಬದಲಾಯಿತು.

ಕುಡಿತಕ್ಕಿಂತ ದೊಡ್ಡ ಕಾರಣ ಅಕ್ಕಿ. ಅನ್ನಭಾಗ್ಯದ ಅಕ್ಕಿ ಮನೆಯಲ್ಲಿರುವಾಗ ಕೂಪನ್ನಿಗೂ ಅಕ್ಕಿಯೇ ಸಿಕ್ಕರೆ ಜನ ಮಾರದೆ ಏನು ಮಾಡುತ್ತಾರೆ? 2023ರ ಜುಲೈನಿಂದ ಹೆಚ್ಚುವರಿ 5 ಕೆಜಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿದ್ದಾಗಲೂ ಕೊರತೆ ಇದ್ದದ್ದು ಎಣ್ಣೆ, ಬೇಳೆ, ಮೊಟ್ಟೆಗೆ. ಅಕ್ಕಿ ತೆಗೆದು ಇವು ಮೂರನ್ನು, ಜೊತೆಗೆ ತರಕಾರಿ, ಒಣಮೀನನ್ನು ಸೇರಿಸಿದ ಮೇಲೆ ಕೂಪನ್ ಮಾರುವುದು ಕಾಲುಭಾಗಕ್ಕೆ ಇಳಿಯಿತು.

ಎರಡನೇ ಪೆಟ್ಟು ಅಂಗಡಿಯಿಂದ ಬಿತ್ತು. ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುತ್ತಿದ್ದೆವು. ಅಷ್ಟು ದಿನ ಬಂಡವಾಳ ಸಿಕ್ಕಿಬೀಳುವುದಕ್ಕೆ ಅಂಗಡಿಯವರು ಕೂಪನ್ ಗಿರಾಕಿಗೆ ಎಣ್ಣೆ ಪ್ಯಾಕೆಟ್ಟಿನ ಮೇಲೆ ಎಂಟು, ಹತ್ತು ರೂಪಾಯಿ ಏರಿಸಿದರು. ಅಂದರೆ ನಮ್ಮ ದುಡ್ಡು ಬಡ್ಡಿಗೆ ಹೋಯಿತು. ಈಗ ಮೂರು ದಿನದೊಳಗೆ ಹಣ ಕೊಡುತ್ತೇವೆ, ಸೊಪ್ಪು ಮಾರುವ ಹೆಂಗಸರಿಗೆ ಸಂತೆ ಮುಗಿದ ಸಂಜೆಯೇ. ಒಂದೇ ಅಂಗಡಿ ಇಟ್ಟರೆ ದರ ಏರುವುದು ಖಂಡಿತ, ಕನಿಷ್ಠ ಮೂರು ಬೇಕು. ಕೂಪನ್ 10 ಮತ್ತು 20ರದ್ದೇ ಇರಲಿ, 50ರದ್ದಕ್ಕೆ ಚಿಲ್ಲರೆ ಕೊಡದೆ ಬೇಡದ ಬಿಸ್ಕತ್ ಕಟ್ಟುತ್ತಾರೆ. ನಕಲಿ ತಡೆಯುವ ಗುರುತು ಯಾವುದು ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಮಧ್ಯೆ ಒಂದು ಪ್ರಯೋಗ. 1939ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಒಂದು ಡಾಲರಿನ ಕಿತ್ತಳೆ ಬಣ್ಣದ ಚೀಟಿ ಕೊಂಡವರಿಗೆ, ಮಿಗತೆ ಬೆಳೆ ಕೊಳ್ಳಲು ಅರ್ಧ ಡಾಲರಿನ ನೀಲಿ ಚೀಟಿ ಪುಕ್ಕಟೆ ಸಿಗುತ್ತಿತ್ತು. ಅದೇ ಲೆಕ್ಕದಲ್ಲಿ 100 ಕಟ್ಟಿದವರಿಗೆ 150ರ ಕೂಪನ್ ಕೊಟ್ಟು ನೋಡಿದೆವು. ತೀರಾ ಬಡವರ ಕೈಯಲ್ಲಿ ಒಟ್ಟಿಗೆ 100 ಇರುವುದಿಲ್ಲ, ಅವರೇ ಹೊರಗುಳಿದರು. ಅಮೆರಿಕದಲ್ಲೂ 1977ರ ಕಾಯ್ದೆ ಈ ‘ಮೊದಲು ಕಟ್ಟು’ ಷರತ್ತನ್ನು ಕಿತ್ತುಹಾಕಿತು. ನಾವು ಮೂರೇ ವಾರಕ್ಕೆ ಬಿಟ್ಟೆವು.

ಇನ್ನು ಫಲ. ವಾರಕ್ಕೆ 8,000ದ ಕೂಪನ್ ಹೋದರೆ ವ್ಯಾಪಾರವೂ 8,000 ಏರುತ್ತದೆ ಅನ್ನೋದು ತಪ್ಪು. ಏರಿದ್ದು ಮೂರು ಸಾವಿರದ ಆಸುಪಾಸು. ಉಳಿದದ್ದು ಹೇಗೂ ಕೊಳ್ಳುತ್ತಿದ್ದ ಸಾಮಾನಿಗೇ ಹೋಯಿತು, ಅದರಿಂದ ಮಿಕ್ಕ ನಗದು ಹಳೇ ಉದ್ರಿ ತೀರಿಸಲು, ಮಕ್ಕಳ ಬಸ್ ಪಾಸಿಗೆ ಬಳಕೆಯಾಯಿತು. ಇದು ಸೋಲಲ್ಲ. ಉದ್ರಿ ಇಳಿದ ಮನೆಗೆ ಅಂಗಡಿಯವ ಮಾರುಕಟ್ಟೆ ದರದಲ್ಲೇ ಕೊಡುತ್ತಾನೆ, ಮುಂಗಡಕ್ಕೆ ತೋಟದ ಯಜಮಾನರ ಬಾಗಿಲಿಗೆ ಬರುವುದೂ ಕಡಿಮೆಯಾಗುತ್ತದೆ.

ಅಳೆಯುವಾಗ ಹಿಂದಿನ ತಿಂಗಳಿಗೆ ಹೋಲಿಸಬೇಡಿ, ಸುಗ್ಗಿಯಲ್ಲಿ ಕೂಲಿಯೂ ಹೆಚ್ಚಿರುತ್ತದೆ. ಕೂಪನ್ ಇಲ್ಲದ ಮನೆಗಳ ಅದೇ ವಾರದ ಉದ್ರಿ ಪುಸ್ತಕ ಪಕ್ಕದಲ್ಲಿಟ್ಟು ನೋಡಿ. ಕೂಪನ್ನನ್ನು ಕೂಲಿಯಲ್ಲಿ ಮುರಿಯಲೇಬಾರದು. ಕೂಲಿ ಪೂರ್ತಿ ನಗದೋ ಬ್ಯಾಂಕಿಗೋ ಹೋಗಬೇಕು.