ಜಾತ್ರೆಗೆ ಬಂದ ಹಾಸ್ಯ ಕಲಾವಿದರನ್ನು ಮಾತಾಡಿಸುವ ಬಗೆ

ಕಲಬುರಗಿ ಕಡೆಯ ಸೀರಿಯಲ್ ಪ್ರೇಮಿಗೆ ಹಾಸ್ಯ ಕಲಾವಿದರು ಸಲೀಸಾಗಿ ಸಿಗುವುದು ಬೆಂಗಳೂರಿನ ಶೂಟಿಂಗ್ ಮನೆಯಲ್ಲಲ್ಲ, ನಮ್ಮೂರಲ್ಲೇ. ಜಾತ್ರೆಗಳಲ್ಲಿ ಬೀಡುಬಿಡುವ ನಾಟಕ ಕಂಪನಿಗಳು ಕಿರುತೆರೆಯವರನ್ನು ಅತಿಥಿ ಕಲಾವಿದರಾಗಿ ಕರೆಸುತ್ತವೆ. ಎಸ್.ಎಂ. ಪಂಡಿತ ರಂಗಮಂದಿರದ ಕಾರ್ಯಕ್ರಮಗಳಿವೆ, ಬೀದರ್ ಉತ್ಸವದ ವೇದಿಕೆಯಿದೆ. ಆದರೆ ಅಲ್ಲಿ ಒಬ್ಬರಿಗೆ ಸಿಗುವುದು ಹೆಚ್ಚೆಂದರೆ ಮೂರು ನಿಮಿಷ. ಸೆಲ್ಫಿ ಒಂದನ್ನೇ ತರುತ್ತೀರೋ, ಅವರ ಬಾಯಿಂದ ನಾಲ್ಕು ಒಳ್ಳೆಯ ಮಾತೂ ತರುತ್ತೀರೋ ಎಂಬುದು ನೀವು ಟಿವಿ ಮುಂದೆ ಹೇಗೆ ಕೂತಿದ್ದಿರಿ ಎಂಬುದರ ಮೇಲಿದೆ.

ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು, ಪ್ರೋಮೊ ಹಾಕಬಾರದೆಂಬ ನಿಯಮ ನಮ್ಮಲ್ಲಿದೆ. ಟೈಟಲ್ ಹಾಡು, ಹಿಂದಿನ ಕಂತಿನ ತುಣುಕು ಇವನ್ನೂ ಕಳೆದರೆ ಅರ್ಧ ಗಂಟೆಯಲ್ಲಿ ಕಥೆಗೆ ಉಳಿಯುವುದು 20–22 ನಿಮಿಷ. ಅಷ್ಟರಲ್ಲೇ ಒಂದು ಸುಳ್ಳು ಹುಟ್ಟಬೇಕು, ಅದನ್ನು ಮುಚ್ಚಲು ಇನ್ನೊಂದು ಬರಬೇಕು, ಕೊನೆಗೆ ಎಲ್ಲರೂ ಹಾಲ್‌ನ ಸೋಫಾ ಸುತ್ತ ಸೇರಿ ಬಣ್ಣ ಬಯಲಾಗಬೇಕು. ನಾನು ಒಳ್ಳೆಯ ಕಂತನ್ನು ಎರಡು ಸಲ ನೋಡುತ್ತೇನೆ. ಮೊದಲನೆಯದು ಬರೀ ನಗುವುದಕ್ಕೆ. ಎರಡನೆಯ ಸಲ ಡೈಲಾಗ್ ಹೇಳುವವರನ್ನು ಬಿಟ್ಟು, ಕೇಳಿಸಿಕೊಳ್ಳುತ್ತಿರುವವರ ಮುಖ ನೋಡಬೇಕು. ನಗು ಹುಟ್ಟುವುದು ಬಹುಪಾಲು ಅಲ್ಲಿಯೇ. ‘ಪಾಪ ಪಾಂಡು’ವಿನಲ್ಲಿ ಶಾಲಿನಿಯವರ ಶ್ರೀಮತಿ ಅಬ್ಬರಿಸುವಾಗ ಚಿದಾನಂದ ಅವರ ಪಾಂಡು ಏನು ಮಾಡುತ್ತಾನೆ ನೋಡಿ. ‘ಸಿಲ್ಲಿ ಲಲ್ಲಿ’ಯಲ್ಲಿ ರವಿಶಂಕರ್ ಗೌಡರ ಡಾಕ್ಟರ್ ವಿಠಲರಾವ್ ಮಾತಾಡದೆ ನಿಂತ ಕ್ಷಣಗಳನ್ನು ನೋಡಿ. ಒಮ್ಮೆ ಸೌಂಡ್ ಪೂರ್ತಿ ಬಂದ್ ಮಾಡಿ ನೋಡಿದರೆ ಯಾರು ನಿಜಕ್ಕೂ ನಟಿಸುತ್ತಿದ್ದಾರೆ, ಯಾರು ತಮ್ಮ ಡೈಲಾಗ್‌ಗಾಗಿ ಕಾಯುತ್ತಿದ್ದಾರೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಹಿನ್ನೆಲೆಯ ‘ಟೊಂಯ್’ ಶಬ್ದ ಎಷ್ಟೋ ಸಪ್ಪೆ ಸನ್ನಿವೇಶಗಳನ್ನು ಕಾಪಾಡಿದೆ. ಅದನ್ನು ತೆಗೆದಾಗ ಉಳಿದದ್ದು ನಟನ ಸ್ವಂತ ಗಳಿಕೆ.

ಇದಕ್ಕೊಂದು ನೋಟ್‌ಬುಕ್ ಇಡಬೇಕು. ಕಂತಿನ ದಿನಾಂಕ, ಸನ್ನಿವೇಶ ಒಂದು ಸಾಲಿನಲ್ಲಿ, ಇಷ್ಟವಾದ ಒಂದೇ ಒಂದು ಚೇಷ್ಟೆ, ಅದನ್ನು ಮಾಡಿದವರ ನಿಜ ಹೆಸರು. ಈ ಕೊನೆಯ ಕಾಲಂ ಬಹಳ ಮುಖ್ಯ. ಮೂರ್ನಾಲ್ಕು ವರ್ಷ ಒಂದೇ ಪಾತ್ರದಲ್ಲಿ ನೋಡಿದ ಮೇಲೆ ಎದುರಿಗೆ ಸಿಕ್ಕಾಗ ಪಾತ್ರದ ಹೆಸರೇ ಬಾಯಿಗೆ ಬರುತ್ತದೆ. ಪಾತ್ರದ ಹೆಸರಿಗೆ ನಗುತ್ತಾರೆ, ಸ್ವಂತ ಹೆಸರಿಗೆ ತಿರುಗಿ ನಿಲ್ಲುತ್ತಾರೆ. ಗಂಡನ ಪಾತ್ರದವರು ಬಂದರೆ “ವೈನಿಯವರು ಬಂದಿಲ್ಲೇನ್ರಿ?” ಎಂದು ಜೊತೆ ನಟಿಯ ಬಗ್ಗೆ ಕೇಳುವುದು ನಮ್ಮ ಕಡೆ ಮಾಮೂಲು. ಅವರಿಗೆ ಬೇರೆ ಸಂಸಾರ ಇರುತ್ತದೆ, ಬಿಟ್ಟುಬಿಡಿ. ಸಿಹಿಕಹಿ ಚಂದ್ರು ಮತ್ತು ಸಿಹಿಕಹಿ ಗೀತಾ ಮಾತ್ರ ನಿಜಕ್ಕೂ ಗಂಡ-ಹೆಂಡತಿ; ದೂರದರ್ಶನದ ‘ಸಿಹಿಕಹಿ’ ಧಾರಾವಾಹಿಯ ಹೆಸರು ಇಬ್ಬರಿಗೂ ಅಂಟಿಕೊಂಡಿತು.

ಇನ್ನು ಭೇಟಿಯ ಹೊತ್ತು. ಕಂಪನಿ ನಾಟಕ ಸಂಜೆಗೊಂದು, ರಾತ್ರಿಗೊಂದು ಆಟ ಇರುತ್ತದೆ. ರಾತ್ರಿ ಆಟ ಮುಗಿದ ಮೇಲೆ ಹೋಗುವುದು ದಂಡ. ಆಗ ಮಧ್ಯರಾತ್ರಿ ದಾಟಿರುತ್ತದೆ, ಅತಿಥಿಯ ಕಾರು ಎಂಜಿನ್ ಚಾಲೂ ಇಟ್ಟು ನಿಂತಿರುತ್ತದೆ. ಎರಡು ಆಟಗಳ ನಡುವೆ ಅವರು ಊಟಕ್ಕೆ ಕೂತಿರುತ್ತಾರೆ. ಕೈಯಲ್ಲಿ ರೊಟ್ಟಿ ಇದ್ದವರ ಮುಂದೆ ಫೋನ್ ಹಿಡಿಯಬಾರದು. ಸಂಜೆ ಆಟಕ್ಕೆ ಒಂದೂವರೆ ಗಂಟೆ ಮುಂಚೆ, ಬಣ್ಣಕ್ಕೆ ಕೂರುವ ಮೊದಲು ಸಿಗುವ ಹೊತ್ತೇ ಸರಿ. ಮೊದಲು ಗೇಟಿನಲ್ಲಿ ಟಿಕೆಟ್ ತೆಗೆದುಕೊಂಡು, ಅದನ್ನು ಕೈಯಲ್ಲಿ ಹಿಡಿದೇ ಕಂಪನಿ ಮ್ಯಾನೇಜರರನ್ನು ಕೇಳಬೇಕು: “ಸರ್, ಒಂದ್ ಸಹಿ ಬೇಕಾಗಿತ್ರಿ, ಎರಡ್ ನಿಮಿಷ ಅಷ್ಟೇ.” ಆಟ ನೋಡುವವರೆಂದು ಗೊತ್ತಾದರೆ ಬಹುತೇಕ ಬಿಡುತ್ತಾರೆ. ರಂಗಮಂದಿರದ ಕಾರ್ಯಕ್ರಮಕ್ಕೆ ಸಂಘಟಕರಲ್ಲಿ ಒಬ್ಬರನ್ನಾದರೂ ಹಿಂದಿನ ದಿನವೇ ಮಾತಾಡಿಸಿರಬೇಕು. ಸಮಾರಂಭದ ದಿನ ಅವರು ಶಾಲು, ಹಾರ, ಮಾನ್ಯ ಮುಖ್ಯ ಅತಿಥಿಗಳ ಗದ್ದಲದಲ್ಲಿ ನಮ್ಮ ಗುರುತೇ ಹಿಡಿಯುವುದಿಲ್ಲ.

ಬೀದರಿನವರಿಗೆ ಹೈದರಾಬಾದ್ ಹತ್ತಿರ ಎಂಬ ಕಾರಣಕ್ಕೆ ರಾಮೋಜಿ ಫಿಲ್ಮ್ ಸಿಟಿಗೆ ಹೋದರೆ ನಟರು ಸಿಗುತ್ತಾರೆ ಎಂಬ ನಂಬಿಕೆ ಉಂಟು. ಆ ಟಿಕೆಟ್ ಸೆಟ್ ತೋರಿಸುವುದಕ್ಕೆ, ಶೂಟಿಂಗ್ ತೋರಿಸುವುದಕ್ಕಲ್ಲ. ಮೇಲಾಗಿ ಅದಿರುವುದು ವಿಜಯವಾಡ ರಸ್ತೆಯಲ್ಲಿ, ಇಡೀ ಶಹರ ದಾಟಬೇಕು.

ಸಹಿಗೆ ಹಾಳೆಗಿಂತ ಫೋಟೊ ಚೆಂದ. 4×6 ಇಂಚಿನ ಮ್ಯಾಟ್ ಪ್ರಿಂಟ್ ಎರಡು ಹಾಕಿಸುತ್ತೇನೆ: ಒಂದು ನನಗೆ, ಇನ್ನೊಂದು ಅವರಿಗೇ ಕೊಡಲು. ಹಳೆಯ ಪಾತ್ರದ ಫೋಟೊ ಎಷ್ಟೋ ಕಲಾವಿದರ ಹತ್ತಿರವೇ ಇರುವುದಿಲ್ಲ. ಹೊಳೆಯುವ ಗ್ಲಾಸಿ ಪೇಪರ್ ಮೇಲೆ ಬಾಲ್‌ಪೆನ್ ಜಾರುತ್ತದೆ, ಶಾಯಿ ಒರೆಸಿಹೋಗುತ್ತದೆ. ತೆಳು ತುದಿಯ ಪರ್ಮನೆಂಟ್ ಮಾರ್ಕರ್ ಒಯ್ಯಿರಿ, ಕಪ್ಪು ಹಿನ್ನೆಲೆಗೆ ಬೆಳ್ಳಿ ಬಣ್ಣದ್ದು. ಸಹಿಯಾದ ಮೇಲೆ ಒಂದು ನಿಮಿಷ ಗಾಳಿಗೆ ಹಿಡಿದು, ಆಮೇಲೆ ಗಟ್ಟಿ ಫೈಲಿಗೆ. ನಿಮ್ಮ ಹೆಸರು ಬರೆಸಬೇಕಿದ್ದರೆ ಚೀಟಿಯಲ್ಲಿ ಬರೆದು ತೋರಿಸಿ. ಗದ್ದಲದಲ್ಲಿ ‘ಶರಣಮ್ಮ’ ‘ಶಾರದಮ್ಮ’ ಆಗುತ್ತದೆ.

ಫೋಟೊಕ್ಕೆ ಮುಂದಿನ ಕ್ಯಾಮೆರಾ ಬೇಡ, ಜೊತೆಗಿದ್ದವರ ಕೈಗೆ ಫೋನ್ ಕೊಟ್ಟು ಹಿಂದಿನ ಕ್ಯಾಮೆರಾದಲ್ಲಿ ತೆಗೆಸಿ. ಬಣ್ಣದ ಕೋಣೆಯಲ್ಲಿ ಬಲ್ಬುಗಳು ಕನ್ನಡಿಯ ಸುತ್ತ ಇರುತ್ತವೆ. ಕನ್ನಡಿಗೆ ಬೆನ್ನು ಕೊಟ್ಟು ನಿಂತರೆ ಇಬ್ಬರ ಮುಖವೂ ಕಪ್ಪು. ಕನ್ನಡಿ ಕಡೆ ಮುಖ ಮಾಡಿ ನಿಲ್ಲಿ, ಫೋನ್ ಹಿಡಿದವರು ಕನ್ನಡಿ ಬದಿಗಿರಲಿ, ಫ್ಲ್ಯಾಶ್ ಬಂದ್. ಬಣ್ಣ ಅರ್ಧ ಆಗಿದ್ದಾಗ ಕೇಳಲೇಬಾರದು. ನಮ್ಮ ಬೇಸಿಗೆಯಲ್ಲಿ ಬೆವರು ಒರೆಸುತ್ತಾ ಬಣ್ಣ ಕೂರಿಸುವುದೇ ಅವರಿಗೆ ಸಾಕುಬೇಕಾಗಿರುತ್ತದೆ.

ಏನು ಕೇಳಬೇಕು? “ಒಂದ್ ಡೈಲಾಗ್ ಹೊಡೀರಿ ಸರ್” ಬೇಡ. ಬೆಳಗಿನಿಂದ ಹತ್ತು ಜನಕ್ಕೆ ಹೇಳಿರುತ್ತಾರೆ. ನೋಟ್‌ಬುಕ್‌ನ ಒಂದು ಚೇಷ್ಟೆ ಹೇಳಿ, ಅದು ಸ್ಕ್ರಿಪ್ಟ್‌ನಲ್ಲಿತ್ತೋ ಸ್ಥಳದಲ್ಲೇ ಹುಟ್ಟಿತೋ ಎಂದು ಕೇಳಿ. ಈ ಪ್ರಶ್ನೆಗೆ ಬಣ್ಣದ ಕುರ್ಚಿ ತಿರುಗುತ್ತದೆ. ಕ್ಯಾಮೆರಾಮನ್ ನಕ್ಕು ಶಾಟ್ ಹಾಳಾದದ್ದು, ರೀಟೇಕ್ ಆದದ್ದು ಎಲ್ಲ ಹೊರಬರುತ್ತದೆ. ಬೆಂಗಳೂರಿನವರನ್ನು ಕೆಣಕಲು ನನ್ನ ಹತ್ತಿರ ಇನ್ನೊಂದಿದೆ: ಟಿವಿ ವಿಷಯದಲ್ಲಿ ನಾವು ನಿಮಗಿಂತ ಸೀನಿಯರ್ ಸರ್. 1975ರಲ್ಲಿ ಉಪಗ್ರಹ ಟಿವಿ ಪ್ರಯೋಗ ನಡೆದಾಗ ರಾಜ್ಯದಲ್ಲಿ ಅದು ಬಂದದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಬಂತು, ಬೆಂಗಳೂರಿಗೆ 1981ರಲ್ಲಿ. ಇದಕ್ಕೆ ಹುಬ್ಬೇರಿಸದವರಿಲ್ಲ.

ಕಾಣಿಕೆ ಕೊಡುವುದಾದರೆ ಶೇಂಗಾ ಹಿಂಡಿ (ಚಟ್ನಿಪುಡಿ) ಕಾಲು ಕಿಲೋ, ಇಲ್ಲವೆ ತೊಗರಿ ಬೇಳೆ ಒಂದು ಕಿಲೋ, ಎರಡೂ ಸೀಲ್ ಮಾಡಿದ ಪ್ಯಾಕೆಟ್‌ನಲ್ಲಿ. ಖಡಕ್ ರೊಟ್ಟಿ ಸ್ಟೀಲ್ ಡಬ್ಬಿಯಿಲ್ಲದೆ ಬೆಂಗಳೂರು ಮುಟ್ಟುವಷ್ಟರಲ್ಲಿ ಚೂರು. ಬಿದರಿ ಕೀಚೈನ್ ಕೊಟ್ಟರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಒಣ ಬಟ್ಟೆಯಲ್ಲಿ ಒರೆಸಿ ಎಂದು ಹೇಳಿಯೇ ಕೊಡಬೇಕು.

ಫೋಟೊ ಹಾಕುವ ಮೊದಲು ಅವರನ್ನೊಮ್ಮೆ ಕೇಳಿ. ಮುಂದಿನ ಕಂತಿಗೆಂದು ಮೀಸೆ ಬೋಳಿಸಿದ್ದರೆ, ತಲೆ ಬೋಳಾಗಿದ್ದರೆ ಚಾನೆಲ್‌ನವರು ಅದನ್ನು ಗುಟ್ಟಾಗಿ ಇಟ್ಟಿರುತ್ತಾರೆ. ಅಂಥ ಫೋಟೊ ಆ ಕಂತು ಪ್ರಸಾರ ಆದ ಮೇಲೆಯೇ ಸ್ಟೇಟಸ್‌ಗೆ ಹೋಗಬೇಕು.