ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ದಾರ ಹಿಡಿದು ಅಳೆಯಿರಿ

ಮಗಳೋ ಅಣ್ಣನೋ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇದ್ದರೆ ಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ದೂರ, ಎಷ್ಟು ಗಂಟೆ, ಅಲ್ಲಿ ಹೊರಟರೆ ಇಲ್ಲಿಗೆ ಯಾವತ್ತು ಬಂದು ಇಳಿಯುತ್ತಾರೆ? ಫೋನ್‌ನಲ್ಲಿ ಉತ್ತರ ಸಿಗುತ್ತದೆ, ನಿಜ. ಆದರೂ ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೊದಲು ಗೋಡೆಯ ನಕಾಶೆ ಬಿಡಿ. ಗುಂಡಗಿರುವ ಭೂಮಿಯನ್ನು ಅದರಲ್ಲಿ ಚಪ್ಪಟೆ ಮಾಡಿರುತ್ತಾರೆ, ಹಾಗಾಗಿ ದೂರದ ದಾರಿಗಳಿಗೆ ಅದನ್ನು ನಂಬುವಂತಿಲ್ಲ. ಒಂದು ಗ್ಲೋಬ್, ಒಂದು ದಾರ ಸಾಕು. ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ಹೋಗುವುದು ಉತ್ತರ ಧ್ರುವದ ಹತ್ತಿರ! ಮೊದಲ ಸಲ ನಾನು ನಂಬಲಾಗದೆ ಮೂರು ಸಲ ಎಳೆದು ನೋಡಿದ್ದೆ.

ಈಗ ಆ ದಾರವನ್ನು ಸ್ಕೇಲ್ ಮೇಲಿಟ್ಟು ಅಳೆಯಿರಿ. ಗ್ಲೋಬಿನ ಸಮಭಾಜಕ ವೃತ್ತದ ಸುತ್ತಳತೆಯನ್ನೂ ತೆಗೆದುಕೊಳ್ಳಿ. ನಿಜವಾದ ಭೂಮಿಯಲ್ಲಿ ಅದು 40,075 ಕಿ.ಮೀ. ಸುತ್ತಳತೆ 94 ಸೆಂ.ಮೀ., ದಾರ 33 ಸೆಂ.ಮೀ. ಬಂತು ಅಂದುಕೊಳ್ಳಿ. 40,075ನ್ನು 94ರಿಂದ ಭಾಗಿಸಿ 33ರಿಂದ ಗುಣಿಸಿದರೆ ಸುಮಾರು 14,000 ಕಿ.ಮೀ.

ಇನ್ನು ಹೊತ್ತಿನ ಲೆಕ್ಕ. ದೊಡ್ಡ ವಿಮಾನ ಗಂಟೆಗೆ ಹೆಚ್ಚುಕಮ್ಮಿ 900 ಕಿ.ಮೀ. ಹಾರುತ್ತದೆ, ಅಂದರೆ ಹದಿನೈದೂವರೆ ಗಂಟೆ. ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ಆದರೆ ವಿಮಾನ ದಾರದಷ್ಟು ನೇರವಾಗಿ ಹೋಗುವುದಿಲ್ಲ. ಗಾಳಿ ನೋಡಬೇಕು, ಯಾವ ದೇಶದ ಆಕಾಶ ತೆರೆದಿದೆ ಅಂತಲೂ ನೋಡಬೇಕು. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆಯೇ ಹರಿಯುತ್ತಿರುತ್ತದೆ, ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಬೆಂಗಳೂರಿನಿಂದ ಲಂಡನ್‌ಗೆ ಹೋಗುವಾಗ ಜಾಸ್ತಿ ಹೊತ್ತು, ಬರುವಾಗ ಕಡಿಮೆ ಆಗುವುದು ಇದರಿಂದಲೇ. ನಡುವೆ ವಿಮಾನ ಬದಲಿಸುವುದಿದ್ದರೆ ಎರಡೂ ಹಂತ ಬೇರೆ ಬೇರೆ ಅಳೆದು, ಕಾಯುವ ಹೊತ್ತನ್ನೂ ಕೂಡಿಸಿ.

ಎಲ್ಲರೂ ಎಡವುವುದು ತಾರೀಖಿನಲ್ಲಿ. ಚಳಿಗಾಲದಲ್ಲಿ ನಾವು ಅವರಿಗಿಂತ ಹದಿಮೂರೂವರೆ ಗಂಟೆ ಮುಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಬೆಂಗಳೂರಿಗೆ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ, ದಾರಿ ಉತ್ತರ ಧ್ರುವದ ಮೇಲೆ. ರಾತ್ರಿ ಎಂಟೂವರೆಗೆ ಸುಮಾರು 17 ಗಂಟೆ ಕೂಡಿಸಿದರೆ ಅಲ್ಲಿ 10ರ ಮಧ್ಯಾಹ್ನ ಒಂದೂವರೆ. ಅದಕ್ಕೆ ಹದಿಮೂರೂವರೆ ಕೂಡಿಸಿ: ಇಲ್ಲಿ 11ರ ಬೆಳಗಿನ ಜಾವ 3. ನಿಜಕ್ಕೂ ಅದು ಇಳಿದದ್ದು ಆ ಹೊತ್ತಿಗೇ.

ಕರೆದುಕೊಂಡು ಬರುವವರು ಇಲ್ಲೇ ಹುಷಾರಾಗಿರಬೇಕು. ಟಿಕೆಟ್‌ನಲ್ಲಿ 11 ಅಂತಿದ್ದರೂ ಮೈಸೂರಿನವರು ದೇವನಹಳ್ಳಿಗೆ ಕಾರು ಹೇಳಬೇಕಾದದ್ದು 10ರ ರಾತ್ರಿಗೆ.